ಇನ್ನೊಂದು ಪ್ರಶ್ನೆ ಕೇಳಣ್ಣ

ಕೋವಿಡ್ ಕಳೆದು ಕಾಲೇಜುಗಳು ಮತ್ತೆ ತುಂಬಿಕೊಂಡ ಕಾಲ. ಚಳ್ಳಕೆರೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಭೂಗೋಳದ ಅಧ್ಯಾಪಕಿ. ಪಾಠದ ಜೊತೆಗೆ ಸಮಾಜಸೇವೆಯ ಘಟಕದ ಹೊಣೆಯೂ ನನ್ನದೇ. ಆ ವರ್ಷ ನಮಗೆ ಒಂದು ಹೊಸ ಕಾರ್ಯಕ್ರಮ ಬಂತು. ಒಬ್ಬ ಕಾಲೇಜು ವಿದ್ಯಾರ್ಥಿ ಹಳ್ಳಿಯ ಹೈಸ್ಕೂಲಿನ ಇಬ್ಬರು ಒಂಬತ್ತನೇ ತರಗತಿ ಮಕ್ಕಳಿಗೆ ಒಂದು ವರ್ಷ ಮೆಂಟರ್ ಆಗಿರಬೇಕು. ಮೆಂಟರ್ ಎಂದರೆ ಟ್ಯೂಷನ್ ಮೇಷ್ಟರಲ್ಲ. ಆ ಮಕ್ಕಳು ತಮ್ಮ ಊರಿಗೆ ಬೇಕಾದ ಒಂದು ಕೆಲಸವನ್ನು ತಾವೇ ಹುಡುಕಿ ತಾವೇ ಮಾಡಿ ಮುಗಿಸುವ ತನಕ ಪಕ್ಕದಲ್ಲಿ ನಿಲ್ಲುವವನು. ಹೈಸ್ಕೂಲಿನ ಮಕ್ಕಳಿಗೆ ಈ ಮೆಂಟರ್ ಎಂಬ ಶಬ್ದ ಹಿಡಿಸಲಿಲ್ಲ. ಮೊದಲ ದಿನದಿಂದಲೇ ಅಣ್ಣ, ಅಕ್ಕ ಎಂದು ಕರೆದರು.

ತರಬೇತಿಯಲ್ಲಿ ನಮಗೆ ಪದೇ ಪದೇ ಹೇಳಿದ್ದು ಒಂದೇ ನಿಯಮ: ಮೆಂಟರ್ ಪ್ರಶ್ನೆ ಹಾಕಬೇಕು, ಉತ್ತರ ಕೊಡಬಾರದು. ಇದನ್ನು ಮಾಡು, ಅದನ್ನು ಬಿಡು ಎಂದು ಅಪ್ಪಣೆ ಕೊಡಲೇಬಾರದು. ಆಜ್ಞೆ ಕೇಳಿ ಕೇಳಿ ಬೆಳೆದ ಮಕ್ಕಳಿಗೆ ತಲೆ ಓಡಿಸುವ ಅವಕಾಶ ಕೊಡುವುದೇ ಈ ಕೆಲಸದ ಉದ್ದೇಶ. ನಿಯಮ ಒಳ್ಳೆಯದೇ. ಇವತ್ತಿಗೂ ನಾನು ಅದನ್ನು ಒಪ್ಪುತ್ತೇನೆ.

ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ನನ್ನಿವಾಳದಂಥ ಹತ್ತಿರದ ಊರುಗಳನ್ನು ಆರಿಸಿಕೊಂಡರು. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬಿ.ಜಿ. ಕೆರೆಯಿಂದ ಒಳಗಿನ ಒಂದು ಸಣ್ಣ ಹಳ್ಳಿ ಉಳಿಯಿತು. ಬಸ್ಸಿಳಿದು ನಡೆಯಬೇಕು. ಯಾರೂ ಕೈ ಎತ್ತದೆ ಇದ್ದಾಗ ಹಿಂದಿನ ಬೆಂಚಿನಿಂದ ಇಮ್ರಾನ್, "ನಾನು ಹೋಗ್ತೀನಿ ಮೇಡಂ" ಎಂದ. ಎರಡನೇ ವರ್ಷದ ಬಿ.ಕಾಂ. ವಿದ್ಯಾರ್ಥಿ. ಚಳ್ಳಕೆರೆ ಪೇಟೆಯಲ್ಲಿ ಅವನ ತಂದೆಯದು ಬೈಕ್ ರಿಪೇರಿ ಅಂಗಡಿ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ತರಗತಿಯಲ್ಲಿ ಮೌನ. ಅಂಥವನು ಮಕ್ಕಳ ಜೊತೆ ಏನು ಮಾತಾಡಿಯಾನು ಎಂದು ನನಗೆ ಅನುಮಾನವಿತ್ತು.

ಅವನ ಪಾಲಿಗೆ ಬಂದ ಇಬ್ಬರಲ್ಲಿ ಓಬಳೇಶನ ಬಾಯಿಗೆ ಬಿಡುವೇ ಇರಲಿಲ್ಲ. ಇನ್ನೊಬ್ಬಳು ಅನಿತಾ. ಅವಳ ಅವ್ವ ಮೊಳಕಾಲ್ಮೂರಿನಲ್ಲಿ ರೇಷ್ಮೆ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದರು; ಅಜ್ಜ ಕುರಿ ಕಾಯುತ್ತಿದ್ದರು. ಮನೆಮಾತು ತೆಲುಗು. ತರಗತಿಯಲ್ಲಿ ಹಾಜರಿ ಕೂಗಿದಾಗ ಬಿಟ್ಟರೆ ಅವಳ ದನಿ ಕೇಳಿದವರಿಲ್ಲ ಎಂದು ಆ ಶಾಲೆಯ ಮುಖ್ಯ ಶಿಕ್ಷಕರೇ ನನಗೆ ಹೇಳಿದ್ದರು.

ಮೊದಲ ತಿಂಗಳುಗಳಲ್ಲಿ ಇಮ್ರಾನ್ ಪ್ರಶ್ನೆ ಹಾಕುವುದು, ಓಬಳೇಶ ಉತ್ತರ ಕೊಡುವುದು, ಅನಿತಾ ನೆಲ ನೋಡುವುದು, ಇಷ್ಟೇ ನಡೆಯಿತು. ಓಬಳೇಶನಿಗೆ ಶಾಲೆಯ ಗೋಡೆಗೆ ಬಣ್ಣ ಬಳಿಯಬೇಕಿತ್ತು, ಅದೂ ಐಪಿಎಲ್ ತಂಡವೊಂದರ ಬಣ್ಣ. ಒಂದು ಶನಿವಾರ ನಾನು ನೋಡಲು ಹೋಗಿದ್ದಾಗ ಇಮ್ರಾನ್ ಅನಿತಾಳನ್ನು ಕೇಳಿದ: "ನಿಂಗೆ ಈ ಊರಲ್ಲಿ ಯಾವ್ದು ನೋಡಿದ್ರೆ ಹೊಟ್ಟೆ ಉರಿಯುತ್ತೆ?" ಕೇಳಿ ಸುಮ್ಮನೆ ಕೂತ. ನನಗೇ ಕಸಿವಿಸಿಯಾಗುವಷ್ಟು ಹೊತ್ತು ಕೂತ. ಕೊನೆಗೆ ಅವಳು ತಲೆ ಎತ್ತದೆ ಹೇಳಿದಳು: "ದೊಣೆ ಅಣ್ಣ. ನಮ್ಮ ಕುರಿ ಸತ್ತಾಗ ಹೊಟ್ಟೆ ಕೊಯ್ದು ನೋಡಿದ್ರು. ಬರೀ ಪ್ಲಾಸ್ಟಿಕ್ಕೇ ಇತ್ತು."

ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತು ಆದ ಹೊಂಡಕ್ಕೆ ನಮ್ಮ ಕಡೆ ದೊಣೆ ಎನ್ನುತ್ತಾರೆ. ಊರ ಹಿಂದಿನ ಬೋಳು ಗುಡ್ಡದ ನೆತ್ತಿಯಲ್ಲಿ ಅಂಥದೊಂದಿತ್ತು. ಬೇಸಿಗೆ ಬರುವವರೆಗೂ ಕುರಿಗಳಿಗೆ ಅದೇ ನೀರು. ಗುಡ್ಡದ ಮೇಲೆ ಪಾರ್ಟಿ ಮಾಡುವವರು ಎಸೆದ ಕವರು, ತಟ್ಟೆ, ಬಾಟಲಿ ಎಲ್ಲ ಗಾಳಿಗೆ ಉರುಳಿ ಅದರಲ್ಲೇ ಬೀಳುತ್ತಿದ್ದವು. ಬೇಸಿಗೆಗೆ ಮೊದಲು ಅದನ್ನು ಶುಚಿ ಮಾಡುವುದೆಂದು ತೀರ್ಮಾನವಾಯಿತು. ಆ ದಿನ ನಾನು ಬಸ್ಸಿಗೆ ಹೊರಟಾಗ ಅನಿತಾ ಗೇಟಿನ ತನಕ ಬಂದಳು.

ಆ ಮಕ್ಕಳನ್ನು ನೋಡಲು ನಾನು ಅಗತ್ಯಕ್ಕಿಂತ ಹೆಚ್ಚು ಸಲ ಹೋಗುತ್ತಿದ್ದೆ ಎಂಬುದು ನಿಜ. ಅದರ ಹಿಂದಿನ ವರ್ಷ ನನ್ನ ಅವ್ವ ತೀರಿಕೊಂಡಿದ್ದಳು. ಎಣ್ಣೆ ಮಿಲ್ಲಿನ ಹಿಂದಿನ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ಶನಿವಾರ ಮಧ್ಯಾಹ್ನ ಕಾಲೇಜು ಮುಗಿದರೆ ಸೋಮವಾರ ಬೆಳಿಗ್ಗೆವರೆಗೆ ನಾನು ಬಾಯಿ ತೆರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ನಾವು ನಾಲ್ವರೂ ಗುಡ್ಡ ಹತ್ತಿದೆವು. ಬಿಸಿಲು ಏರಿರಲಿಲ್ಲ. ದೂರದಲ್ಲಿ ಜಟಿಂಗ ರಾಮೇಶ್ವರದ ಬೆಟ್ಟ ಮಂಜಿನಲ್ಲಿ ಅಳಿಸಿದಂತೆ ಕಾಣುತ್ತಿತ್ತು. ನೆತ್ತಿಗೆ ಸ್ವಲ್ಪ ಮೊದಲು ಚಾಚಿಕೊಂಡ ದೊಡ್ಡ ಬಂಡೆಯ ಅಡಿ ಹೆಜ್ಜೇನಿನ ಹುಟ್ಟಿಗಳು ಕಪ್ಪು ಮೊರಗಳಂತೆ ನೇತಾಡುತ್ತಿದ್ದವು. ಓಬಳೇಶ ಕೂಡ ಬಾಯಿ ಮುಚ್ಚಿಕೊಂಡು ಅಲ್ಲಿಂದ ದಾಟಿದ. ದೊಣೆ ಆ ಬಂಡೆಯ ನೇರ ಮೇಲೆ, ಅಂಚಿನಿಂದ ಸ್ವಲ್ಪ ಒಳಗೆ. ಅಲ್ಲಿ ನಿಂತರೆ ಹುಟ್ಟಿಗಳು ಕಾಣುವುದಿಲ್ಲ. ಕಾಣದ್ದರಿಂದ ಮರೆತೂ ಹೋಗುತ್ತವೆ.

ನಮ್ಮ ಜೊತೆ ಒಂದು ಫ್ಲೆಕ್ಸ್ ಕೂಡ ಗುಡ್ಡ ಹತ್ತಿತ್ತು. ಆರಡಿ ಉದ್ದ, ನಾಲ್ಕಡಿ ಅಗಲ. ಫ್ಲೆಕ್ಸ್ ಇಲ್ಲದೆ ಸೇವೆ ಮಾಡಿದ ಉದಾಹರಣೆ ನಮ್ಮ ಕಾಲೇಜಿನಲ್ಲಿಲ್ಲ. ಅದರ ಮೇಲೆ ಗುಡ್ಡ ಹತ್ತದ ಅತಿಥಿಗಳು, ಪ್ರಿನ್ಸಿಪಾಲರು, ಕೊನೆಯಲ್ಲಿ ಚಿಕ್ಕದಾಗಿ ನನ್ನ ಭಾವಚಿತ್ರ. ಮಕ್ಕಳ ಚಿತ್ರಕ್ಕೆ ಜಾಗ ಸಿಕ್ಕಿರಲಿಲ್ಲ. ಫೋಟೊ ತೆಗೆದಾದ ಮೇಲೆ ಅದನ್ನೇ ಬಂಡೆಗೆ ಹಾಸಿ, ಅತಿಥಿಗಳ ಮುಖದ ಮೇಲೆ ಕೂತು ಚಿತ್ರಾನ್ನ ತಿಂದೆವು. "ಪ್ರಿನ್ಸಿಪಾಲರ ಮೂಗಿನ ಮ್ಯಾಲೆ ಉಪ್ಪಿನಕಾಯಿ ಬಿತ್ತು ಮೇಡಂ" ಎಂದು ಓಬಳೇಶ ವರದಿ ಒಪ್ಪಿಸಿದ.

ಪ್ಲಾಸ್ಟಿಕ್ ಎಲ್ಲ ಚೀಲಕ್ಕೆ ಹೋಗಿತ್ತು. ಉಳಿದದ್ದು ಕೊಳೆತ ಹುಲ್ಲು, ಮುಳ್ಳು, ಎಲೆತಟ್ಟೆಗಳ ಗುಡ್ಡೆ. ಅದನ್ನೂ ಹೊತ್ತು ಇಳಿಸುವ ಮಾತಿತ್ತು.

"ಇದನ್ನೆಲ್ಲ ಹೊತ್ಕಂಡು ಇಳಿಯೋರ್ಯಾರಣ್ಣ? ಇಲ್ಲೇ ಸುಟ್ಬಿಡಾನ" ಎಂದ ಓಬಳೇಶ. ಅವನ ಹತ್ತಿರ ಬೆಂಕಿಪೊಟ್ಟಣವಿತ್ತು. ನೀರು ಶುಚಿಯಾದ ಮೇಲೆ ಗಂಗಮ್ಮನಿಗೆ ಊದುಬತ್ತಿ ಹಚ್ಚಿ ಬಾ ಎಂದು ಅವನ ಅಜ್ಜಿ ಕೊಟ್ಟು ಕಳಿಸಿದ್ದರು. ಗುಡಿಸಿದ ಕಸಕ್ಕೆ ಬೆಂಕಿ ಇಡುವುದು ನಮ್ಮೂರುಗಳ ಪ್ರತಿ ಅಂಗಳದ ಬೆಳಗಿನ ಕೆಲಸ. ಅದರಲ್ಲಿ ಯೋಚಿಸುವಂಥದ್ದು ಯಾರಿಗೂ ಕಾಣುವುದಿಲ್ಲ.

ಇಮ್ರಾನನಿಗೆ ಅದು ಇಷ್ಟವಿರಲಿಲ್ಲವೆಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಆದರೆ ಬೇಡ ಎನ್ನುವುದು ಅಪ್ಪಣೆಯಾಗುತ್ತದೆ. ಕಲಿತಿದ್ದಂತೆ ಪ್ರಶ್ನೆ ಹಾಕಿದ: "ಇದನ್ನ ಸುಟ್ರೆ ಏನಾಗುತ್ತೆ, ಯೋಚನೆ ಮಾಡು."

"ಬೂದಿ ಆಗುತ್ತಣ್ಣ."

ಅನಿತಾ ನಕ್ಕಳು. ಅವಳು ಬಾಯಿ ಬಿಟ್ಟು ನಕ್ಕಿದ್ದನ್ನು ನಾವು ನೋಡಿದ್ದೇ ಮೊದಲು. ಅವಳು ನಕ್ಕಳೆಂದು ಇಮ್ರಾನ್ ನಕ್ಕ, ನಾನೂ ನಕ್ಕೆ. ಕಡ್ಡಿ ಗೀರಿದ್ದಾಯಿತು.

ಒಳಗೆ ಹಸಿ ಇದ್ದುದರಿಂದ ಉರಿಯ ಬದಲು ದಪ್ಪ ಹೊಗೆ ಎದ್ದಿತು. ನಾನು ಬಂಡೆಗಳ ಸೀಳುಗಳನ್ನು ನೋಡುವ ನನ್ನ ಹಳೆಯ ಚಟಕ್ಕೆ ಬಿದ್ದು ಸ್ವಲ್ಪ ಆಚೆ ಹೋಗಿದ್ದೆ, ಕೂಗಿದರೆ ಕೇಳುವಷ್ಟು ದೂರ. ಆಗ ಗಾಳಿ ತಿರುಗಿತು. ಮೇಲೆ ಹೋಗುತ್ತಿದ್ದ ಹೊಗೆ ಹಾಸಿಗೆ ಸುತ್ತಿದಂತೆ ಮಡಚಿಕೊಂಡು ಬಂಡೆಯ ಅಂಚಿನಿಂದ ಕೆಳಕ್ಕೆ ಇಳಿಯಿತು. ಕೆಳಗೆ ಏನಿದೆಯೆಂದು ನನಗೆ ನೆನಪಾಗುವಷ್ಟರಲ್ಲಿ ಆ ಸದ್ದು ಶುರುವಾಗಿತ್ತು. ಲಾರಿಯೊಂದು ಗುಡ್ಡದೊಳಗಿನಿಂದ ಏರಿ ಬರುತ್ತಿದೆಯೇನೋ ಎಂಬಂಥ ಸದ್ದು.

ಹುಳುಗಳು ಅಂಚಿನ ಮೇಲೆ ಎದ್ದು ನಿಂತವು. ಮೊದಲ ಕಡಿತ ನನ್ನ ಕಿವಿಯ ಹಿಂದೆ. ಕಾಲುಗಳು ತಾವಾಗಿಯೇ ನನ್ನನ್ನು ಹತ್ತಿರದ ಸೀಳಿನೊಳಗೆ ಎಳೆದೊಯ್ದವು. ಸೆರಗನ್ನು ಮುಖಕ್ಕೆ ಸುತ್ತಿಕೊಂಡು ತಿರುಗಿ ನೋಡಿದರೆ ಮಕ್ಕಳಿಬ್ಬರೂ ಕೈ ಬೀಸುತ್ತ, ಕಣ್ಣು ಮುಚ್ಚಿಕೊಂಡು ಓಡಲು ಹೊರಟಿದ್ದರು. ಅವರು ಮುಖ ಮಾಡಿದ್ದ ಕಡೆ ಬಂಡೆ ನುಣ್ಣಗೆ ಇಳಿಜಾರಾಗಿ, ಅದರಾಚೆ ಏನೂ ಇರಲಿಲ್ಲ.

"ಓಡಬ್ಯಾಡ್ರೋ! ಕುಂತ್ಕಳ್ರಿ! ಕುಂತ್ಕಳೇ ಅನಿತಾ!"

ಇಮ್ರಾನನಿಗೆ ಅಂಥ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಮಕ್ಕಳು ಕುಸಿದು ಕೂತರು. ಅವನು ಫ್ಲೆಕ್ಸನ್ನು ಎಳೆದು ಅವರಿಬ್ಬರ ಮೇಲೆ ಕವುಚಿದ. ಮೂವರಿಗೆ ಅದು ಸಾಲುತ್ತಿರಲಿಲ್ಲ. ಗಾಳಿಗೆ ಹಾರದಂತೆ ಯಾರಾದರೂ ಅದುಮಿ ಹಿಡಿಯಲೂ ಬೇಕಿತ್ತು. ಅವನು ಅದರ ಅಂಚಿನ ಮೇಲೆ ಕೂತು, ಎರಡೂ ಕೈಗಳಿಂದ ಮಕ್ಕಳನ್ನು ಫ್ಲೆಕ್ಸ್ ಸಮೇತ ತಬ್ಬಿ, ಅಂಗಿಯ ಕಾಲರಿನೊಳಗೆ ಮುಖ ತೂರಿಸಿದ. ಬೆನ್ನು, ಕುತ್ತಿಗೆ, ತಲೆ ಹೊರಗೇ ಉಳಿದವು.

ಅವನು ಎದ್ದರೆ ಫ್ಲೆಕ್ಸ್ ಹಾರುತ್ತದೆ. ಕೂತರೆ ಅವನು ಉಳಿಯುವುದು ಕಷ್ಟ. ಸೀಳಿನಲ್ಲಿ ಕೂತ ನನಗೆ ಇದು ಸ್ಪಷ್ಟವಾಗಿ ಕಾಣುತ್ತಿತ್ತು. ಅವನಿಗೂ ಗೊತ್ತಿತ್ತು.

ನಾನು ಹೊರಗೆ ಕಾಲಿಟ್ಟೆ. ಕೈಯ ಮೇಲೆ, ಹಣೆಯ ಮೇಲೆ ಕೆಂಡ ಬಿದ್ದಂತಾಯಿತು. "ಮೇಡಂ, ಅಲ್ಲೇ ಇರ್ರಿ! ಬರಬ್ಯಾಡ್ರಿ!" ಎಂದು ಅವನು ಮುಖ ಎತ್ತದೆ ಕೂಗಿದ. ನಾನು ಹೋದರೆ ನನ್ನ ಹಿಂದೆ ಬರುವ ಹುಳುಗಳೂ ಅವರ ಮೇಲೆಯೇ ಎರಗುತ್ತವೆ. ಹಿಂದಕ್ಕೆ ಸರಿದೆ. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ.

ಫ್ಲೆಕ್ಸಿನೊಳಗಿನಿಂದ ಅನಿತಾಳ ಅಳು ಕೇಳಿಸಿತು. ಹೆದರಿಕೆಯಲ್ಲಿ ಅವಳಿಗೆ ಮನೆಮಾತೇ ಬಂದಿತ್ತು. "ಭಯಂಗಾ ಉಂದಿ ಅಣ್ಣಾ, ಭಯಂಗಾ ಉಂದಿ." ಒಳಗಿನ ಒದ್ದಾಟಕ್ಕೆ ಫ್ಲೆಕ್ಸ್ ಒಂದು ಕಡೆ ಎದ್ದುಕೊಂಡಿತು. ಇನ್ನೊಂದು ಕ್ಷಣದಲ್ಲಿ ಅವರು ಹೊರಬೀಳುತ್ತಾರೆ ಎಂದುಕೊಂಡೆ.

ಆಗ ಇಮ್ರಾನ್ ಪ್ರಶ್ನೆ ಹಾಕತೊಡಗಿದ.

"ಲೇ ಓಬಳೇಶ, ಕರ್ನಾಟಕದಾಗೆ ಎಷ್ಟು ಜಿಲ್ಲೆ?"

ಒಳಗೆ ಗಲಿಬಿಲಿ. ಆಮೇಲೆ, "ಮೂವತ್ತೊಂದಣ್ಣ."

"ನಮ್ಮ ಜಿಲ್ಲೇಲಿ ಎಷ್ಟು ತಾಲ್ಲೂಕು? ಒಂದೊಂದೇ ಹೇಳು. ಅವಸರ ಬ್ಯಾಡ."

ಓಬಳೇಶ ಒಂದೊಂದೇ ಹೇಳಿದ. ಹೊಸದುರ್ಗ ಮರೆತ. ಇಮ್ರಾನ್ ಬಿಡಲಿಲ್ಲ, "ಒಂದು ಬಿಟ್ಟೀಯ, ಹುಡುಕು" ಎಂದ. ಅನಿತಾಳಿಂದ ಹತ್ತೊಂಬತ್ತರ ಮಗ್ಗಿ ಹೇಳಿಸಿದ. ಅಳುತ್ತಲೇ ಹೇಳಿದಳು. ತಪ್ಪಿದಲ್ಲಿ ಮತ್ತೆ ಮೊದಲಿಂದ ಹೇಳಿಸಿದ. ಫ್ಲೆಕ್ಸ್ ಅಲುಗಾಡುವುದು ನಿಂತಿತು. ಅವನ ಬೆನ್ನಿನ ಬಿಳಿ ಅಂಗಿ ನಿಧಾನವಾಗಿ ಕಪ್ಪಾಗುತ್ತಿತ್ತು, ಮತ್ತು ಆ ಕಪ್ಪು ಮಿಸುಕಾಡುತ್ತಿತ್ತು.

ಪ್ರಶ್ನೆಗಳ ನಡುವಿನ ಬಿಡುವು ಹೆಚ್ಚಾಗುತ್ತ ಹೋಯಿತು. ನಾಲಿಗೆ ದಪ್ಪವಾದಂತೆ ಶಬ್ದಗಳು ಅಂಟಿಕೊಳ್ಳತೊಡಗಿದವು. ಆಮೇಲೆ ನಿಂತೇ ಹೋದವು.

ನನ್ನ ವೃತ್ತಿಯಲ್ಲಿ ನಾನು ಕೇಳಿದ ಅತಿ ದೊಡ್ಡ ಮೌನ ಅದು. ಹುಳುಗಳ ಸದ್ದು ಇತ್ತು, ಆದರೂ ಮೌನ.

"ಅಣ್ಣ" ಎಂದಳು ಅನಿತಾ. "ಇನ್ನೊಂದು ಪ್ರಶ್ನೆ ಕೇಳಣ್ಣ."

ಅವನ ತಲೆ ಫ್ಲೆಕ್ಸಿನ ಮೇಲೆ ವಾಲಿತ್ತು. ಕೈಗಳು ಇನ್ನೂ ಬಿಟ್ಟಿರಲಿಲ್ಲ.

"ಅಣ್ಣ, ನಿಮ್ಮ ಹೆಸರೇನು?"

"ಏ, ಅಣ್ಣನ ಹೆಸ್ರು ಗೊತ್ತಿಲ್ವೇನೇ ನಿಂಗೆ?" ಓಬಳೇಶನ ದನಿ.

"ಸುಮ್ನಿರೋ ನೀನು. ಅಣ್ಣ, ನಿಮ್ಮ ಹೆಸರೇನು? ಹೇಳಣ್ಣ."

"ಇಮ್ರಾನ್" ಎಂಬಂಥ ಒಂದು ಸದ್ದು ಬಂತು.

"ನಿಮ್ಮ ಅಂಗಡಿ ಎಲ್ಲೈತೆ?"

"ಪೇಟೇಲಿ."

"ಬೆಳಿಗ್ಗೆ ಏನು ತಿಂದ್ರಿ?"

ತುಂಬ ಹೊತ್ತು. "ಮಂಡಕ್ಕಿ."

"ಮಂಡಕ್ಕಿ ಜೊತೆಗೆ?"

ಹಾಜರಿಗೆ ಬಿಟ್ಟು ಬಾಯಿ ತೆರೆಯದ ಹುಡುಗಿ ಒಂದರ ಹಿಂದೊಂದು ಕೇಳುತ್ತಲೇ ಹೋದಳು. ಅಂಗಡಿಯಲ್ಲಿ ಯಾವ ಬೈಕು ಜಾಸ್ತಿ ಬರುತ್ತೆ, ನಿಮ್ಮಮ್ಮ ಬೈತಾರಾ, ನಮ್ಮೂರಿಗೆ ಬರೋಕೆ ಯಾಕೆ ಒಪ್ಪಿಕೊಂಡ್ರಿ. ಕೆಲವಕ್ಕೆ ಉತ್ತರ ಬಂತು, ಕೆಲವಕ್ಕೆ ಉರ್ದುವಿನಲ್ಲಿ ಬಂತು, ಕೆಲವಕ್ಕೆ ಬರೀ ಉಸಿರು. ಉಸಿರು ಬಂದರೂ ಸಾಕು, ಅವಳು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದಳು. ನಾನು ಸೀಳಿನಲ್ಲಿ ಮೊಣಕಾಲು ತಬ್ಬಿಕೊಂಡು ಕೂತು ಪ್ರತಿ ಪ್ರಶ್ನೆಗೂ ಕಿವಿಯಾಗಿದ್ದೆ. ಅವರು ಮೂವರೂ ಒಂದು ಕಡೆ, ನಾನೊಬ್ಬಳು ಇನ್ನೊಂದು ಕಡೆ. ನನ್ನನ್ನು ಯಾರೂ ಏನೂ ಕೇಳುವಂತಿರಲಿಲ್ಲ, ನಾನು ಯಾರಿಗೂ ಏನೂ ಮಾಡುವಂತಿರಲಿಲ್ಲ.

ಬೆಂಕಿ ತಾನಾಗಿ ಆರಿತು. ಹೊಗೆ ತೆಳುವಾದಂತೆ ಹುಳುಗಳೂ ತೆಳುವಾದವು. ಒಂದು ಗಂಟೆಯಾಗಿರಬಹುದು, ನಾನು ಗಡಿಯಾರ ನೋಡಲಿಲ್ಲ. ಬಾಗಿಕೊಂಡು ಅವರ ಹತ್ತಿರ ಹೋದೆ. ಇಮ್ರಾನನ ಮುಖ ಗುರುತು ಸಿಗುವಂತಿರಲಿಲ್ಲ. ಅವನ ಬೆರಳುಗಳನ್ನು ಫ್ಲೆಕ್ಸಿನಿಂದ ನಾನು ಬಿಡಿಸಬೇಕಾಯಿತು. ಓಬಳೇಶನಿಗೂ ಅನಿತಾಳಿಗೂ ಬೆರಳೆಣಿಕೆಯ ಕಡಿತ. ಓಬಳೇಶ ಹುಟ್ಟಿಗಳಿಲ್ಲದ ಇನ್ನೊಂದು ಮಗ್ಗುಲಿನಿಂದ ಊರಿಗೆ ಓಡಿದ. ಊರವರು ಬಂದು ಕಂಬಳಿಯಲ್ಲಿ ಇಮ್ರಾನನನ್ನು ಹೊತ್ತು ಇಳಿಸುವಷ್ಟರಲ್ಲಿ ರಸ್ತೆಗೆ ಆಂಬುಲೆನ್ಸ್ ಬಂದಿತ್ತು. ದಾರಿಯುದ್ದಕ್ಕೂ ಅನಿತಾ ಅವನ ಕಿವಿಯ ಹತ್ತಿರ ಬಾಯಿಟ್ಟು ಕೇಳುತ್ತಲೇ ಇದ್ದಳು. ಆಂಬುಲೆನ್ಸಿನಲ್ಲಿದ್ದ ನರ್ಸ್ ಅವಳನ್ನು ಸುಮ್ಮನಿರಿಸಲಿಲ್ಲ. "ಕೇಳ್ತಾ ಇರು ಪುಟ್ಟಿ" ಎಂದರು.

ಆಸ್ಪತ್ರೆಯಲ್ಲಿ ಒಂದು ಪದ ಕಲಿತೆ: ಅನಾಫಿಲಾಕ್ಸಿಸ್. ಕಡಿತದ ವಿಷಕ್ಕೆ ದೇಹ ಅತಿಯಾಗಿ ಸ್ಪಂದಿಸಿ, ಗಂಟಲು ಊದಿ, ರಕ್ತದೊತ್ತಡ ಕುಸಿಯುವ ಸ್ಥಿತಿ. ಅಡ್ರಿನಲಿನ್ ಇಂಜೆಕ್ಷನ್ನಿಗೆ ಅದು ಇಳಿಯಿತು. ಆದರೆ ಅಷ್ಟು ವಿಷ ಮೂತ್ರಪಿಂಡವನ್ನೂ ಕೆಡಿಸಬಹುದು ಎಂದು ಚಿತ್ರದುರ್ಗದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕೆಲವು ಸಲ ಡಯಾಲಿಸಿಸ್ ಮಾಡಬೇಕಾಯಿತು.

ಇಮ್ರಾನನ ತಂದೆ ಗ್ರೀಸಿನ ಕೈಯಲ್ಲೇ ಬಂದಿದ್ದರು. ನನ್ನನ್ನು ನೋಡಿ, "ಕಸ ತೆಗಿಯೋಕೆ ಗುಡ್ಡ ಹತ್ತಿಸ್ಬೇಕಿತ್ತಾ ಮೇಡಂ? ನಮ್ಮ ಅಂಗಡಿ ಮುಂದೆ ಬೇಕಾದಷ್ಟು ಐತೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಬೆಂಚಿನ ತುದಿಯಲ್ಲಿ ಕೂತಿದ್ದ ಅನಿತಾಳನ್ನು ತೋರಿಸಿ, "ಈ ಬೇಟಿ ಯಾರು?" ಎಂದರು. ಹೇಳಿದೆ. ಅವರು ಹೊರಗೆ ಹೋಗಿ ಒಂದು ಬನ್ನು, ಒಂದು ಲೋಟ ಹಾಲು ತಂದು ಅವಳ ಕೈಗಿಟ್ಟು, ಮತ್ತೆ ನನ್ನ ಕಡೆ ನೋಡದೆ ಗೋಡೆಗೆ ಒರಗಿ ನಿಂತರು.

ಇಮ್ರಾನ್ ಉಳಿದ. ಮಾತು ಸರಿಯಾಗಿ ಬಂದ ದಿನ ನಾನು ಹೋಗಿದ್ದೆ. ಊದಿದ ತುಟಿಯಲ್ಲೇ ಹೇಳಿದ: "ಅವತ್ತು ಮೊದ್ಲು ಪ್ರಶ್ನೆ ಹಾಕ್ಲಿಲ್ಲ ಮೇಡಂ. ಕುಂತ್ಕಳ್ರಿ ಅಂದ್ಬಿಟ್ಟೆ. ನಿಯಮ ಮುರಿದಂಗಾಯ್ತಲ್ಲ?" ತಮಾಷೆಗೆ ಅಂದನೋ ನಿಜಕ್ಕೂ ಕೇಳಿದನೋ ಆ ಮುಖದಲ್ಲಿ ತಿಳಿಯಲಿಲ್ಲ.

ಆ ಕಾರ್ಯಕ್ರಮ ನಮ್ಮ ಕಾಲೇಜಿನಲ್ಲಿ ಅಲ್ಲಿಗೇ ನಿಂತಿತು. ಇಮ್ರಾನನಿಗೆ ಸನ್ಮಾನ ಮಾಡಲು ಹೊರಟರು, ಅದಕ್ಕೂ ಒಂದು ಫ್ಲೆಕ್ಸ್ ಬರೆಸಿದರು. ಅವನು ಬರಲಿಲ್ಲ. ಒಂದು ಸೆಮಿಸ್ಟರ್ ತಪ್ಪಿಸಿಕೊಂಡು ಡಿಗ್ರಿ ಮುಗಿಸಿದ, ಈಗ ತಂದೆಯ ಜೊತೆ ಅಂಗಡಿಯಲ್ಲಿದ್ದಾನೆ. ನನ್ನ ಸ್ಕೂಟರು ಅಲ್ಲಿಗೇ ಹೋಗುತ್ತದೆ. ಕ್ಲಚ್ಚು, ಬ್ರೇಕು, ಎಲ್ಲ ಮಾತಾಡುತ್ತೇವೆ. ಗುಡ್ಡದ ಸುದ್ದಿ ನಾನೊಮ್ಮೆ ಎತ್ತಿದಾಗ, "ಅದ್ಬಿಟ್ಟು ಬೇರೆ ಏನಾದ್ರೂ ಕೇಳಿ ಮೇಡಂ" ಎಂದು ಸ್ಪ್ಯಾನರ್ ಹುಡುಕಲು ಬಗ್ಗಿದ. ಮತ್ತೆ ಎತ್ತಿಲ್ಲ. ಅವನು ಬಲ್ಲಷ್ಟು ಅದನ್ನು ಬಲ್ಲವಳು ಈ ಊರಿನಲ್ಲಿ ನಾನೊಬ್ಬಳೇ, ನಮ್ಮಿಬ್ಬರಿಗೂ ಅದರ ಬಗ್ಗೆ ಮಾತಾಡಲಾಗುವುದಿಲ್ಲ. ಎಣ್ಣೆ ಮಿಲ್ಲಿನ ಯಂತ್ರ ಶುರುವಾದಾಗ, ಫ್ರಿಜ್ಜು ಗುಂಯ್‌ಗುಡುವಾಗ ನಾನು ಕೂತಲ್ಲೇ ಮತ್ತೆ ಆ ಸೀಳಿನಲ್ಲಿರುತ್ತೇನೆ. ಪ್ರತಿಸಲವೂ ಫ್ಲೆಕ್ಸ್ ಒಂದು ಕಡೆ ಏಳುತ್ತದೆ. ಪ್ರತಿಸಲವೂ ಆ ಮೌನ ಬರುತ್ತದೆ, ಮತ್ತು ಅನಿತಾ ಬಾಯಿ ತೆರೆಯುವ ತನಕ ನಾನು ಉಸಿರು ಹಿಡಿಯುತ್ತೇನೆ.

ಕೆಲಸ ನನಗೆ ಕಲಿಸಿದ್ದು ಇಷ್ಟು. ಪ್ರಶ್ನೆ ಹಾಕುವುದು ಮಕ್ಕಳ ತಲೆ ಓಡಿಸುವ ಉಪಾಯ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಅದು ಅರ್ಧ ಮಾತ್ರ. ಅಪಾಯ ಎದುರಿಗೆ ಬಂದಾಗ ಪ್ರಶ್ನೆ ಬಿಟ್ಟು ಗಟ್ಟಿಯಾಗಿ ಹೇಳಬೇಕು. ಹೇಳಿ ಕೂರಿಸಿದ ಮೇಲೆ, ಅವರು ಅಲ್ಲೇ ಉಳಿಯುವಂತೆ ಮತ್ತೆ ಕೇಳುತ್ತಲೇ ಇರಬೇಕು. ಒಬ್ಬರನ್ನು ಈ ಲೋಕದಲ್ಲಿ ಹಿಡಿದಿಡಲು ಕೆಲವು ಸಲ ಬೆಳಗಿನ ತಿಂಡಿ ಏನೆಂದು ಕೇಳಿದರೂ ಸಾಕು. ಈಗ ನಾನು ಸೇವಾ ಘಟಕಕ್ಕೆ ಬರುವ ಹೊಸ ವಿದ್ಯಾರ್ಥಿಗಳಿಗೆ ಹೇಳುವುದು ಇದನ್ನೇ. ಎಲ್ಲಿ ಕಲಿತೆ ಎಂದು ಹೇಳುವುದಿಲ್ಲ.

ಅನಿತಾ ಈಗ ಪಿಯುಸಿ ಓದುತ್ತಿದ್ದಾಳೆ. ಕಳೆದ ಭಾನುವಾರ ಅವಳ ಫೋನು ಬಂತು. ದೊಣೆಯಲ್ಲಿ ನೀರು ತಿಳಿಯಾಗಿದೆ ಎಂದಳು, ಓಬಳೇಶ ಕ್ರಿಕೆಟ್ ಆಡಿ ಕೈ ಮುರಿದುಕೊಂಡ ಎಂದಳು. ನಾನು ಹೂಂ ಎನ್ನುತ್ತಿದ್ದೆ. ಆಮೇಲೆ ಹೂಂ ಎನ್ನುವುದೂ ಮರೆತುಹೋಯಿತು. ಮಿಲ್ಲಿನ ಯಂತ್ರ ಓಡುತ್ತಿತ್ತು. ಅವಳಿಗೆ ಅದು ಕೇಳಿಸಿರಬೇಕು.

"ಮೇಡಂ, ಬೆಳಿಗ್ಗೆ ಏನು ತಿಂದ್ರಿ?"

"ಇನ್ನೂ ಏನೂ ತಿಂದಿಲ್ಲ ಕಣೆ."

"ಹೊತ್ತು ನೆತ್ತಿಗೆ ಬಂತು" ಎಂದಳು. "ಏಳ್ರಿ ಮೇಡಂ. ಮೊದ್ಲು ಒಲೆ ಹಚ್ರಿ. ನಾನು ಫೋನ್ ಇಡಲ್ಲ."

ಎದ್ದೆ.